ಕ್ರೇಟ್ ಡಿಗ್ಗಿಂಗ್: ಪೆಟ್ಟಿಗೆ ತಡಕುವವರ ಹುಚ್ಚು

ರೆಕಾರ್ಡ್ ಅಂಗಡಿಯ ಪೆಟ್ಟಿಗೆಗಳಲ್ಲಿ ಒತ್ತಾಗಿ ನಿಲ್ಲಿಸಿಟ್ಟ ವಿನೈಲ್ ತಟ್ಟೆಗಳನ್ನು ಒಂದೊಂದಾಗಿ ಸರಿಸುತ್ತಾ ಹುಡುಕುವುದಕ್ಕೆ ಕ್ರೇಟ್ ಡಿಗ್ಗಿಂಗ್ ಎನ್ನುತ್ತಾರೆ. ಕ್ರೇಟ್ ಅಂದರೆ ಹಾಲು ಸಾಗಿಸುವ ಪ್ಲಾಸ್ಟಿಕ್ ಪೆಟ್ಟಿಗೆ. 12 ಇಂಚಿನ ಎಲ್‌ಪಿ ಅದರಲ್ಲಿ ಸರಿಯಾಗಿ ಕೂರುತ್ತದೆ. ಅಮೆರಿಕದ ಡಿಜೆಗಳು ಅದನ್ನೇ ಹೊತ್ತು ತಿರುಗಿದರು. ಹೆಸರು ಹೇಳಿ, ದುಡ್ಡು ಕೊಟ್ಟು ತರುವುದು ಡಿಗ್ಗಿಂಗ್ ಅಲ್ಲ. ಏನು ಸಿಗುತ್ತದೋ ಗೊತ್ತಿಲ್ಲದೆ ಕೈಹಾಕಬೇಕು.

ಇದರ ಬೇರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದೆ. 1973ರ ಆಗಸ್ಟ್‌ನಲ್ಲಿ ತಂಗಿಯ ಪಾರ್ಟಿಗೆ ರೆಕಾರ್ಡ್ ಹಾಕಿ ಹೆಸರಾದ ಡಿಜೆ ಕೂಲ್ ಹರ್ಕ್, ಹಾಡಿನ ನಡುವೆ ಬರೀ ಡ್ರಮ್ಸ್ ಉಳಿಯುವ ತುಣುಕಿಗೇ ಜನ ಹೆಚ್ಚು ಕುಣಿಯುವುದನ್ನು ಗಮನಿಸಿದ್ದ. ಅದಕ್ಕೆ ಬ್ರೇಕ್ ಎಂದು ಹೆಸರು. ಅದನ್ನು ಉದ್ದ ಮಾಡಲು ಒಂದೇ ರೆಕಾರ್ಡಿನ ಎರಡು ಪ್ರತಿ ಬೇಕು: ಒಂದರಲ್ಲಿ ತುಣುಕು ಮುಗಿದೊಡನೆ ಇನ್ನೊಂದರಲ್ಲಿ ಅದನ್ನೇ ಹಾಕಬೇಕು. ಯಾವ ರೆಕಾರ್ಡ್ ಎಂದು ಬೇರೆ ಡಿಜೆಗಳಿಗೆ ತಿಳಿಯಬಾರದೆಂದು ಲೇಬಲನ್ನು ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದ! 1987ರಲ್ಲಿ ಎಸ್‌ಪಿ-1200 ಎಂಬ ಸ್ಯಾಂಪ್ಲರ್, ಅಂದರೆ ಸದ್ದಿನ ತುಣುಕನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ ಯಂತ್ರ, ಬಂದಮೇಲೆ ಹುಡುಕಾಟ ಇನ್ನೂ ಜೋರಾಯಿತು. ಆ ಯಂತ್ರದ ನೆನಪಿಗೆ ಹಿಡಿಸುತ್ತಿದ್ದದ್ದು ಸುಮಾರು ಹತ್ತು ಸೆಕೆಂಡಿನ ಸದ್ದು. ಅಷ್ಟೇ ಸಾಕಿತ್ತು. ಯಾರೂ ಕೇಳದ ಜಾಝ್, ಸೋಲ್ ಸಂಗೀತದ ತಟ್ಟೆಗಳಿಗೆ ಎರಡು ಆವರ್ತ ಡ್ರಮ್ಸ್‌ನಿಂದಾಗಿ ಬೆಲೆ ಬಂತು.

ಪಳಗಿದವರು ಮೊದಲು ಕವರಿನ ಹಿಂಬದಿ ಓದುತ್ತಾರೆ: ಡ್ರಮ್ಸ್ ಯಾರದು, ಯಾವ ಕಂಪನಿ, ಯಾವ ವರ್ಷ. ಆಮೇಲೆ ತಟ್ಟೆಯನ್ನು ಅಂಚು ಹಿಡಿದು ಹೊರತೆಗೆದು, ಬೆಳಕಿಗೆ ಓರೆ ಮಾಡಿ ನೋಡುತ್ತಾರೆ. ಕವರಿನ ಉಜ್ಜಾಟಕ್ಕೆ ಬಿದ್ದ ಕೂದಲೆಳೆ ಗೀರು ಚಿಂತೆಯಿಲ್ಲ. ಉಗುರಿಗೆ ತಗಲುವ ಗೀರಾದರೆ ಮುಳ್ಳು ಟಕ್ ಟಕ್ ಅನ್ನುವುದು ಖಂಡಿತ. ಹಾಡು ಮುಗಿದು ಲೇಬಲ್ ಶುರುವಾಗುವ ಮುಂಚಿನ ನುಣುಪು ಜಾಗದಲ್ಲಿ ಕೊರೆದ ಸಂಖ್ಯೆ ಯಾವ ಅಚ್ಚು ಎಂಬುದನ್ನು ಹೇಳುತ್ತದೆ. ಅಚ್ಚಿಗೆ ಬೇಕಾದ ಮೂಲ ತಟ್ಟೆಯನ್ನು ಲಂಡನ್ನಿನ ತಂತ್ರಜ್ಞ ಜಾರ್ಜ್ ಪೆಕಮ್ ಕೊರೆದಿದ್ದರೆ ಅಲ್ಲೇ ‘ಎ ಪೋರ್ಕಿ ಪ್ರೈಮ್ ಕಟ್’ ಎಂಬ ಗೀಚು ಸಿಗುತ್ತದೆ. ಚೀಟಿಯ ಮೇಲೆ ‘ಗುಡ್’ ಅಂತಿದ್ದರೆ ಮಾತ್ರ ಹುಷಾರು, ಈ ವ್ಯಾಪಾರದಲ್ಲಿ ಅದು ಚೆನ್ನಾಗಿ ಸವೆದ ಮಾಲು.

ನಮ್ಮ ದೇಶಕ್ಕೆ ತಗಲಿದ ಉದಾಹರಣೆ ಚರಣ್‌ಜಿತ್ ಸಿಂಗ್ ಅವರದು. ಮುಂಬೈ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಅವರು 1982ರಲ್ಲಿ ರೋಲ್ಯಾಂಡ್ ಸಿಂಥಸೈಜರ್‌ಗಳಲ್ಲಿ ಭೈರವಿ, ಲಲಿತ್, ಮಾಲ್‌ಕೌಂಸ್ ಸೇರಿ ಹತ್ತು ರಾಗ ನುಡಿಸಿ ಡಿಸ್ಕೊ ತಾಳಕ್ಕೆ ಕೂಡಿಸಿದರು. ಆ ತಟ್ಟೆ ಮಾರಾಟವಾಗಲಿಲ್ಲ, ಮರೆತೂ ಹೋಯಿತು. 2002ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಅದು ಡಚ್ ಸಂಗ್ರಾಹಕ ಎಡೊ ಬೌಮನ್ ಕೈಗೆ ಸಿಕ್ಕಿತು. 2010ರಲ್ಲಿ ಅವರೇ ಮರುಮುದ್ರಿಸಿದರು. ಷಿಕಾಗೊದ ಆ್ಯಸಿಡ್ ಹೌಸ್ ಎಂಬ ಸಿಂಥಸೈಜರ್ ಕುಣಿತದ ಸಂಗೀತಕ್ಕಿಂತ ಮೊದಲೇ ಅದರಂಥದ್ದೇ ಸದ್ದು ಇಲ್ಲಿತ್ತೇ ಎಂದು ಯುರೋಪಿನ ಕೇಳುಗರು ಬೆರಗಾದರು.

ಈಗ ಅಂಗಡಿಯವರೂ ಮೊಬೈಲಿನಲ್ಲಿ ರೆಕಾರ್ಡ್ ಮಾರಾಟದ ಜಾಲತಾಣ ಡಿಸ್ಕಾಗ್ಸ್ ತೆರೆದು ಬೆಲೆ ನೋಡಿಯೇ ಚೀಟಿ ಅಂಟಿಸುತ್ತಾರೆ. ಗೋಡೆಗೆ ನೇತುಹಾಕಿದ್ದರಲ್ಲಿ ಅಗ್ಗದ್ದು ಸಿಗದು. ಬಗ್ಗಿ ನೋಡಬೇಕಾದ, ನೆಲದ ಮೇಲಿನ ದೂಳು ಪೆಟ್ಟಿಗೆಗಳಿಂದ ಶುರುಮಾಡಿ; ಅಂಗಡಿಯಲ್ಲಿ ಟರ್ನ್‌ಟೇಬಲ್ ಇದ್ದರೆ ದುಡ್ಡು ಕೊಡುವ ಮುಂಚೆ ಎರಡೂ ಬದಿ ಹಾಕಿಸಿ ಕೇಳಿ.