ಕರಗಲೊಲ್ಲದ ಕಾರ್ಬೈಡಿಗೆ ನುಣುಪಾದ ಪುಡಿ

ಬಾಸೆಲ್ ಮಿಶನ್ 1860ರ ದಶಕದಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ನಿಂತಿದ್ದು ನೇತ್ರಾವತಿ ತೀರದ ಜೇಡಿಮಣ್ಣಿನ ಒಂದು ಗುಣದ ಮೇಲೆ: ಗೂಡಿನ ಶಾಖಕ್ಕೆ ಮಣ್ಣಿನ ಸ್ವಲ್ಪ ಭಾಗ ಗಾಜಿನಂತೆ ಕರಗಿ ಉಳಿದ ಕಣಗಳನ್ನು ಬೆಸೆಯುತ್ತದೆ. ಹ್ಯಾಫ್ನಿಯಂ ಎಂಬ ಲೋಹ ಇಂಗಾಲದೊಂದಿಗೆ ಸೇರಿ ಆಗುವ, ಪಿಂಗಾಣಿ ವರ್ಗದ ವಸ್ತುವಾದ ಹ್ಯಾಫ್ನಿಯಂ ಕಾರ್ಬೈಡಿನಲ್ಲಿ ಹಾಗೆ ಕರಗಿ ಅಂಟಾಗುವ ಅಂಶವೇ ಇಲ್ಲ. 2016ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಲೇಸರಿನಿಂದ ಕಾಯಿಸಿ ಅಳೆದಾಗ ಅದರ ಕರಗುವ ಬಿಂದು ಸುಮಾರು 3958 ಡಿಗ್ರಿ ಸೆಲ್ಸಿಯಸ್ ಎಂದು ಕಂಡುಬಂತು. ಲೋಹಗಳಲ್ಲಿ ಎಲ್ಲಕ್ಕಿಂತ ತಡವಾಗಿ ಕರಗುವ ಟಂಗ್‌ಸ್ಟನ್ 3422 ಡಿಗ್ರಿಗೇ ಸೋಲುತ್ತದೆ.

ಆದ್ದರಿಂದ ಇದನ್ನು ಕರಗಿಸಿ ಎರಕ ಹೊಯ್ಯುವ ಬದಲು, ಪುಡಿಯನ್ನು ಒತ್ತಿ, ಪರಮಾಣುಗಳು ಘನಸ್ಥಿತಿಯಲ್ಲಿಯೇ ಮೆಲ್ಲಗೆ ಸರಿದು ಕಣಗಳ ನಡುವಿನ ತೆರಪನ್ನು ತುಂಬುವಂತೆ ಕಾಯಿಸುತ್ತಾರೆ. ಬಲವಾದ ಬಂಧಗಳಲ್ಲಿ ಸಿಲುಕಿದ ಆ ಪರಮಾಣುಗಳು 2000 ಡಿಗ್ರಿಯಲ್ಲೂ ಸುಲಭವಾಗಿ ಕದಲುವುದಿಲ್ಲ. ಪುಡಿಯ ನುಣುಪು ನೆರವಿಗೆ ಬರುವುದು ಇಲ್ಲಿಯೇ. ಕಣದ ಅಳತೆ ಹತ್ತರಲ್ಲೊಂದಾದರೆ ಪರಮಾಣು ಸಾಗಬೇಕಾದ ದಾರಿ ಕಿರಿದಾಗುತ್ತದೆ, ಸರಿಯಲು ಪ್ರೇರೇಪಿಸುವ ಮೇಲ್ಮೈ ಶಕ್ತಿ ಹೆಚ್ಚುತ್ತದೆ. ಲೆಕ್ಕದ ಪ್ರಕಾರ ಬೆಸುಗೆಗೆ ಬೇಕಾದ ಕಾಲ ಸಾವಿರದಲ್ಲೊಂದು ಪಾಲಿಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ.

ಅಂಥ ಪುಡಿಯನ್ನು ಅರೆದು ಪಡೆಯಲು ಹೊರಟರೆ ಅರೆಯುವ ಗುಂಡುಗಳೇ ಸವೆದು ಅದರಲ್ಲಿ ಬೆರೆತುಬಿಡುತ್ತವೆ. ಹ್ಯಾಫ್ನಿಯಂ ಲವಣವನ್ನು ಇಂಗಾಲ ಒದಗಿಸುವ ರಾಳದೊಂದಿಗೆ, ಅಥವಾ ನಮ್ಮ ಅಡುಗೆಮನೆಯ ಸಕ್ಕರೆಯೊಂದಿಗೇ, ದ್ರಾವಣದಲ್ಲಿ ಬೆರೆಸಿ ಒಣಗಿಸಿ ಕಾಯಿಸುವುದು ನನಗೆ ಹೆಚ್ಚು ಜಾಣತನದ ದಾರಿಯಾಗಿ ತೋರುತ್ತದೆ. ಆಗ ಲವಣದಿಂದ ಹುಟ್ಟುವ ಹ್ಯಾಫ್ನಿಯಂ ಆಕ್ಸೈಡ್ ಮತ್ತು ಇಂಗಾಲ ಅತ್ಯಂತ ಸಮೀಪದಲ್ಲಿ ಬೆರೆತಿರುವುದರಿಂದ, ಅವು ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಬಿಟ್ಟು ಕಾರ್ಬೈಡ್ ಆಗಲು ಒರಟು ಪುಡಿಗಳಿಗೆ ಬೇಕಾಗುವುದಕ್ಕಿಂತ ಕಡಿಮೆ ಶಾಖ ಸಾಕಾಗುತ್ತದೆ, ಕಣಗಳೂ ಸಣ್ಣದಾಗಿಯೇ ಉಳಿಯುತ್ತವೆ.

ಆದರೆ ನುಣುಪಿಗೆ ಬೆಲೆಯೂ ಉಂಟು. ಮೇಲ್ಮೈ ಹೆಚ್ಚಿದಷ್ಟೂ ಅದರ ಮೇಲೆ ತೆಳ್ಳನೆಯ ಆಕ್ಸೈಡ್ ಪೊರೆಯಾಗಿ ಕೂರುವ ಆಮ್ಲಜನಕದ ಪಾಲು ಹೆಚ್ಚುತ್ತದೆ. ಕಾಯಿಸುವಾಗ ಈ ಪೊರೆ ತೆರಪು ಮುಚ್ಚುವ ಮೊದಲೇ ಕಣಗಳನ್ನು ಬೆಳೆಸಿ ದೊಡ್ಡದು ಮಾಡಿಬಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಅದಕ್ಕಾಗಿ ಕೊಂಚ ಇಂಗಾಲವನ್ನು ಹೆಚ್ಚುವರಿಯಾಗಿ ಸೇರಿಸಿ, ನಿರ್ವಾತದಲ್ಲಿ ಕೆಲಕಾಲ ಕಾಯಿಸಿ ಆಮ್ಲಜನಕವನ್ನು ಹೊರಹಾಕುತ್ತಾರೆ. ಇಂಗಾಲ ಮಿತಿಮೀರಿದರೆ ಅದೇ ಗ್ರ್ಯಾಫೈಟಾಗಿ ಉಳಿದು ವಸ್ತುವನ್ನು ದುರ್ಬಲಗೊಳಿಸುತ್ತದೆ. ಬಳಿಕ ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್ ಯಂತ್ರದ ಗ್ರ್ಯಾಫೈಟ್ ಅಚ್ಚಿನಲ್ಲಿ ಒತ್ತಡ ಹೇರಿ, ಮಿಡಿಯುವ ವಿದ್ಯುತ್ ಹಾಯಿಸಿದರೆ, ಕಣಗಳು ಬೆಳೆಯಲು ಹೆಚ್ಚು ಸಮಯ ಸಿಗುವ ಮುನ್ನವೇ, ಕೆಲವೇ ನಿಮಿಷಗಳಲ್ಲಿ ಪುಡಿ ಗಟ್ಟಿಯಾಗುತ್ತದೆ.

ಅಷ್ಟಾದರೂ ಆಮ್ಲಜನಕದ ಕಾಟ ತಪ್ಪದು. ಶಬ್ದಕ್ಕಿಂತ ಹಲವು ಪಟ್ಟು ವೇಗದ ವಿಮಾನದ ಮೂಗಿನಲ್ಲಿ ಇದನ್ನು ಬಳಸಬೇಕೆಂದರೆ ಬಿಸಿ ಗಾಳಿಯಲ್ಲಿ ಮೇಲ್ಮೈ ಮತ್ತೆ ಆಕ್ಸೈಡ್ ಆಗುತ್ತದೆ. ಇಂಥದೇ ಇನ್ನೊಂದು ವಸ್ತುವಾದ ಟ್ಯಾಂಟಲಮ್ ಕಾರ್ಬೈಡಿನ ಮೇಲೆ ಹುಟ್ಟುವ ಆಕ್ಸೈಡ್ ಸುಮಾರು 1870 ಡಿಗ್ರಿಗೆ ಕರಗಿಹೋದರೆ, ಹ್ಯಾಫ್ನಿಯಂನದು 2700 ಡಿಗ್ರಿ ದಾಟಿದರೂ ಘನವಾಗಿಯೇ ನಿಲ್ಲುತ್ತದೆ. ಆದರೂ ಅದು ರಂಧ್ರಮಯವಾದ್ದರಿಂದ ಗಾಳಿಯನ್ನು ಪೂರ್ತಿ ತಡೆಯಲಾರದು, ಹೀಗಾಗಿ ರಂಧ್ರಗಳನ್ನು ಮುಚ್ಚುವ ಗಾಜನ್ನು ಕೊಡುವ ಸಿಲಿಕಾನ್ ಕಾರ್ಬೈಡನ್ನು ಇಂಥ ಪಿಂಗಾಣಿಗಳಿಗೆ ಬೆರೆಸುವ ರೂಢಿಯಿದೆ.