ಬೋರ್ ಮೋಟಾರ್ ಸುಡುವ ಮೊದಲೇ ಎಐಗೆ ಗೊತ್ತಾಗುತ್ತದಾ?

ಪ್ರಶ್ನೆ: ಬೋರ್ ಸ್ಟಾರ್ಟರ್‌ಗೆ ಸಿಮ್ ಇರೋ ಡಬ್ಬಿ ಹಾಕಿಸಬೇಕು ಅಂತಿದ್ದೇನೆ. ಇದರಲ್ಲಿ ಎಐ ಇದೆ, ಮೋಟಾರ್ ಸುಡುವ ಮೊದಲೇ ಮೊಬೈಲಿಗೆ ಹೇಳುತ್ತದೆ ಅನ್ನುತ್ತಾರೆ ಅಂಗಡಿಯವರು. ನಂಬಬಹುದಾ? (ಮುಂಡರಗಿ ಕಡೆಯ ಓದುಗರು)

ಅರ್ಧ ನಂಬಬಹುದು.

ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಮೋಟಾರಿನ ಸದ್ದು ಸ್ವಲ್ಪ ಬದಲಾದರೂ ಮಿಸ್ತ್ರಿ ಬರುತ್ತಾರೆ. ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಹತ್ತಿರ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಮೇಲೆ 'ಇನ್ನೊಂದ್ ವಾರ ನಡೀತದ, ಅಷ್ಟ್ರಾಗ ಬೇರಿಂಗ್ ತರಸ್ರಿ' ಅನ್ನುತ್ತಾರೆ. ಚೆನ್ನಾಗಿ ಓಡುವ ಮೋಟಾರಿನ ಸದ್ದು ಆ ಕಿವಿಗೆ ಅಷ್ಟು ಪರಿಚಯ. ಎಐ ಮಾಡೋದೂ ಹೆಚ್ಚು ಕಡಿಮೆ ಇದನ್ನೇ. ಕೆಟ್ಟ ಮೋಟಾರಿನ ಲೆಕ್ಕ ಅದಕ್ಕೆ ಸಿಗೋದು ಅಪರೂಪ, ಹಾಗಾಗಿ ಮೋಟಾರ್ ಸರಿಯಿದ್ದಾಗ ಹೇಗಿರುತ್ತದೆ ಅಂತ ಕಲಿತುಕೊಂಡು, ಅದರಿಂದ ಆಚೆ ಸರಿದಾಗ ಕೂಗುತ್ತದೆ.

ಆದರೆ ನಿಮ್ಮ ಮೋಟಾರ್ ನೂರಾರು ಅಡಿ ಕೆಳಗಿದೆ, ಸ್ಕ್ರೂಡ್ರೈವರ್ ಎಲ್ಲಿ ಹಚ್ಚೋದು? ಮೇಲೆ ಕೈಗೆ ಸಿಗೋದು ಮೂರು ಫೇಸಿನ ವೋಲ್ಟೇಜು ಮತ್ತು ಆಂಪ್ಸ್ (ಮೋಟಾರ್ ಎಳೆಯುವ ಕರೆಂಟ್) ಮಾತ್ರ. ನೀರು ಖಾಲಿಯಾದರೆ ಆಂಪ್ಸ್ ದಬಕ್ಕನೆ ಬೀಳುತ್ತದೆ. ಪಂಪಿಗೆ ಉಸುಕು ಸಿಕ್ಕರೆ ಏರುತ್ತದೆ. ಓಡುವಾಗ ಒಂದು ಫೇಸ್ ಹೋದರೆ ಉಳಿದೆರಡರಲ್ಲಿ ಸುಮಾರು 1.7 ಪಟ್ಟು ಆಗಿ ಕಾಯಿಲ್ ಸುಡಲು ಶುರುವಾಗುತ್ತದೆ. ಇವಕ್ಕೆಲ್ಲ ಎಐ ಬೇಕಾಗಿಲ್ಲ. ಇಷ್ಟು ದಾಟಿದರೆ ಬಂದ್ ಮಾಡು ಅನ್ನುವ ಹಳೇ ರಿಲೇ ಸಾಕು, ಅದೂ ಸೆಕೆಂಡುಗಳಲ್ಲಿ. ಇದನ್ನೇ ಎಐ ಅಂತ ಮಾರುವವರಿದ್ದಾರೆ, ಹುಷಾರು.

ಎಐ ಕೆಲಸಕ್ಕೆ ಬರೋದು ನಿಧಾನಕ್ಕೆ ಆಗುವ ಸವೆತಕ್ಕೆ. ಉದಾಹರಣೆಗೆ, ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆದರೆ ನೀರೂ ಕಡಿಮೆ, ಆಂಪ್ಸೂ ತಿಂಗಳಿಂದ ತಿಂಗಳಿಗೆ ಚೂರು ಚೂರು ಕಡಿಮೆ. ತೊಂದರೆ ಏನಂದರೆ ಏಪ್ರಿಲ್‌ನಲ್ಲಿ ಬೋರ್ ನೀರು ಕೆಳಗಿಳಿದಾಗಲೂ ಸಾಮಾನ್ಯವಾಗಿ ಹಾಗೇ ಕಾಣುತ್ತದೆ, ವೋಲ್ಟೇಜ್ ಏರಿಳಿತ ಬೇರೆ ಅದರಲ್ಲಿ ಸೇರಿಕೊಳ್ಳುತ್ತದೆ. ಬರೀ ಆಗಸ್ಟ್ ತಿಂಗಳ ಲೆಕ್ಕ ನೋಡಿ ಕಲಿತ ಎಐ ಬೇಸಿಗೆಯಲ್ಲಿ ಸುಮ್ನೆ ಹೆದರಿಸುತ್ತದೆ. ಅದಕ್ಕೆ ಒಂದು ವರ್ಷದ ಲೆಕ್ಕ ಬೇಕು, ನೀರಿನ ಮಟ್ಟ ಅಳೆಯುವ ಸೆನ್ಸರ್ ಇದ್ದರಂತೂ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಬೇರಿಂಗ್ ಹಾಳಾಗುವ ಸುಳಿವು ಕರೆಂಟಿನ ಸಣ್ಣ ನಡುಕದಲ್ಲಿ ಇರುತ್ತದೆ. ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಅದರೊಳಗಿನ ನಡುಕ ಹಿಡಿಯಲು ಸೆಕೆಂಡಿಗೆ ಸಾವಿರಾರು ಸಲ ಅಳೆಯಬೇಕು. ಡಬ್ಬಿ ಐದು ನಿಮಿಷಕ್ಕೊಮ್ಮೆ ಒಂದೇ ಅಂಕಿ ಅಳೆದು ಕಳಿಸುತ್ತಿದ್ದರೆ ಎಂಥ ಎಐ ಬಂದರೂ ಬೇರಿಂಗ್ ಸದ್ದು ಅದಕ್ಕೆ ಕೇಳಿಸದು. ಇನ್ನು 'ನೂರಕ್ಕೆ 99 ಸರಿ' ಅನ್ನುವ ಜಾಹೀರಾತು. ಏಳು ತಾಸು ತ್ರೀ ಫೇಸ್ ಕರೆಂಟ್, ಐದು ನಿಮಿಷಕ್ಕೊಂದು ಲೆಕ್ಕ ಅಂದರೆ ದಿನಕ್ಕೆ 84. ನೂರಕ್ಕೆ ಒಂದು ತಪ್ಪಿದರೂ ಹೆಚ್ಚು ಕಡಿಮೆ ದಿನಾ ಒಂದು ಸುಳ್ಳು ಎಚ್ಚರಿಕೆ. ವಾರದೊಳಗೆ ನೀವೇ ಮೊಬೈಲ್ ಸೈಲೆಂಟ್ ಮಾಡುತ್ತೀರಿ, ಅಲ್ವಾ?

ಸಿಡಿಲು, ಇಲಿ ಕಡಿದ ಕೇಬಲ್ಲು, ಇವನ್ನು ಯಾರೂ ಮೊದಲೇ ಹೇಳಲಾರರು. ನಮ್ಮ ಬೋರ್ ಮೋಟಾರ್ ಸುಟ್ಟಾಗಲೂ ಡಬ್ಬಿಯಲ್ಲಿ ಹಿಂದಿನ ಸಂಜೆವರೆಗೆ ಆಂಪ್ಸ್ ಸರಿಯಾಗೇ ಇತ್ತು. ಬೆಳಿಗ್ಗೆ ಮೋಟಾರ್ ಓಡಲೇ ಇಲ್ಲ. ಮೇಲೆತ್ತಿ ಗದಗಿಗೆ ಒಯ್ದು ಬಿಚ್ಚಿಸಿದರೆ ಕೇಬಲ್ ಜಾಯಿಂಟಿನಲ್ಲಿ ನೀರು ಇಳಿದಿತ್ತು, ಕಾಯಿಲ್ ಕರ್ರಗೆ, ಸುಟ್ಟ ವಾರ್ನಿಶ್ ವಾಸನೆ ಅಂಗಡಿ ತುಂಬ. ಜಾಯಿಂಟಿಗೆ ಹೀಗೆ ನೀರು ಇಳಿಯೋದನ್ನು ಹಿಡಿಯಲು ಮೆಗ್ಗರ್ (ಕರೆಂಟ್ ಸೋರುತ್ತಿದೆಯಾ ಅಂತ ಅಳೆಯುವ ಮೀಟರ್) ಹಾಕಿ ಇನ್ಸುಲೇಶನ್ ನೋಡಬೇಕು, ಆ ಡಬ್ಬಿ ಅದನ್ನು ಅಳೆಯುತ್ತಲೇ ಇರಲಿಲ್ಲ.

ಹಾಗಾಗಿ ಅಂಗಡಿಯಲ್ಲಿ ಕೇಳಿ: ಡಬ್ಬಿ ಎಷ್ಟು ಹೊತ್ತಿಗೊಮ್ಮೆ ಅಳೆಯುತ್ತದೆ, ನಮ್ಮ ಬೋರಿನ ಲೆಕ್ಕವನ್ನೇ ಕಲಿಯುತ್ತದಾ ಇಲ್ಲ ಎಲ್ಲರಿಗೂ ಒಂದೇ ಮಿತಿನಾ, ಟವರ್ ಸಿಗದಿದ್ದರೂ ಫೇಸ್ ಹೋದಾಗ ಅಲ್ಲೇ ಬಂದ್ ಮಾಡುತ್ತದಾ. ಮೂರನೆಯದಕ್ಕೆ ಇಲ್ಲ ಅಂದರೆ ಬೇಡವೇ ಬೇಡ. ಡಬ್ಬಿ ತಗೊಂಡರೂ ಬಿಟ್ಟರೂ, ಹೊಸ ಮೋಟಾರ್ ಇಳಿಸಿದ ದಿನದ ವೋಲ್ಟೇಜು, ಆಂಪ್ಸು, ಮೆಗ್ಗರ್ ಅಂಕಿ ಬರೆದಿಡಿ. ನಮ್ಮದು ಸ್ಟಾರ್ಟರ್ ಮುಚ್ಚಳದ ಒಳಗಡೆ ಪೆನ್ಸಿಲ್‌ನಲ್ಲಿದೆ, ಮಿಸ್ತ್ರಿ ಬಂದಾಗ ಮೊದಲು ಅದನ್ನೇ ನೋಡುತ್ತಾರೆ.