ತರಬೇತಿಯ ಬೆಂಕಿಗೂ ಕಾವಲುಗಾರ ಬೇಕು

ಬೇಸಿಗೆ ಬಂತೆಂದರೆ ವಿಜಯಪುರದ ಹಳ್ಳಿಗಳಿಂದ ಕಣಿಕೆ ಬಣವೆ ಹೊತ್ತಿಕೊಂಡ ಕರೆಗಳು ಶುರುವಾಗುತ್ತವೆ. ಪಕ್ಕದ ಬಾಗಲಕೋಟೆಯಲ್ಲಿ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯ ರಾಶಿಯದೇ ಚಿಂತೆ. ಹೀಗಾಗಿ ಬಯಲಿನ ಬೆಂಕಿ ನಮ್ಮ ಅಗ್ನಿಶಾಮಕ ದಳದ ಹೊಸ ಸಿಬ್ಬಂದಿಗೆ ಬೇಗ ಪರಿಚಯವಾಗುತ್ತದೆ. ಮುಚ್ಚಿದ ಕೋಣೆಯ ಬೆಂಕಿಯನ್ನು ಮಾತ್ರ ನಾವೇ ಹಚ್ಚಿ ಕಲಿಸಬೇಕು. ಅದಕ್ಕೆ ಬೋಧಕನೊಬ್ಬ ಸಾಲದು, ಸಹಾಯಕರು ಬೇಕು. ಅವರನ್ನು ತಯಾರು ಮಾಡುವುದು ಹೊಸಬರಿಗೆ ಕಲಿಸುವುದಕ್ಕಿಂತ ಕಷ್ಟ.

ಕಾರಣವಿಷ್ಟೆ: ನುರಿತ ಅಗ್ನಿಶಾಮಕನ ಕಣ್ಣು ತಾನಾಗಿ ಜ್ವಾಲೆಯತ್ತ ಹೋಗುತ್ತದೆ, ಕೈ ಬ್ರಾಂಚ್‌ನತ್ತ, ಅಂದರೆ ಹೋಸ್‌ನ ತುದಿಯ ನಳಿಕೆಯತ್ತ. ಸಹಾಯಕನ ಕಣ್ಣು ಇರಬೇಕಾದದ್ದು ಕಲಿಯುವವರ ಮೇಲೆ. ಯಾರ ಮಾಸ್ಕ್ ಪಟ್ಟಿ ಸಡಿಲವಾಗಿದೆ, ಕೈಗವಸಿಗೂ ತೋಳಿಗೂ ನಡುವೆ ಚರ್ಮ ಕಾಣುತ್ತಿದೆಯೇ, ಕೂಗಿದರೆ ಯಾರು ತಡವಾಗಿ ಓಗೊಡುತ್ತಿದ್ದಾರೆ ಎಂಬುದನ್ನೆಲ್ಲ ಅವನು ಗಮನಿಸುತ್ತಿರಬೇಕು. ಗಾಬರಿಯಾದ ಹುಡುಗ ಚಾವಣಿಯ ಬಿಸಿ ಹೊಗೆಗೆ ಒಂದೇ ಸಮನೆ ನೀರು ಬಿಡುತ್ತಾನೆ. ಆವಿಯಾದ ನೀರು ಸುಮಾರು 1,700 ಪಟ್ಟು ಹಿಗ್ಗಿ, ಮಂಡಿಯೂರಿ ಕುಳಿತವರ ಮೇಲೆ ಸುಡುವ ಹಬೆಯಾಗಿ ಇಳಿಯುತ್ತದೆ. ಆಗ ಹಿಂದಿನಿಂದ ಭುಜ ತಟ್ಟಿ, "ಮುಚ್ಚು" ಎನ್ನಬೇಕು. ಬ್ರಾಂಚನ್ನೇ ಕಿತ್ತುಕೊಂಡರೆ ಹುಡುಗ ಕಲಿಯುವುದೇನು?

ಉರುವಲಿನ ವಿಷಯದಲ್ಲಿ ನಾನು ಹಟಮಾರಿ. ಒಣ ಕಟ್ಟಿಗೆ, ಒಣ ಹುಲ್ಲು, ಅಷ್ಟೇ. "ಸ್ವಲ್ಪ ಡೀಸೆಲ್ ಹಾಕಿದರೆ ಬೇಗ ಹತ್ತುತ್ತದೆ ಸರ್" ಎನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಬೇಗ ಹತ್ತುವುದು ನಮಗೆ ಬೇಡವೇ ಬೇಡ. ಟೈರು, ಹಳೆಯ ಫೋಮ್ ಹಾಸಿಗೆಯೂ ಕೂಡದು. ಬೆಂಕಿ ಹಚ್ಚುವವನ ಪಕ್ಕದಲ್ಲಿ ನೀರು ತುಂಬಿದ ಹೋಸ್ ಹಿಡಿದವನು ಇರಲೇಬೇಕು.

ಇನ್ನೊಂದು ಕೆಟ್ಟ ಅಭ್ಯಾಸವೆಂದರೆ, ನೈಜವಾಗಿರಲಿ ಎಂದು ಮನುಷ್ಯರನ್ನೇ ಒಳಗೆ ಸಿಕ್ಕಿಬಿದ್ದವರಂತೆ ಮಲಗಿಸುವುದು. 2001ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲೇರ್ಡ್ಸ್‌ವಿಲ್‌ನಲ್ಲಿ ಹೀಗೆ ಮಲಗಿದ್ದ ಹೊಸ ಅಗ್ನಿಶಾಮಕನೊಬ್ಬ ಸತ್ತೇಹೋದ. ಕೆಳಗಿನ ಮಹಡಿಯಲ್ಲಿ ಫೋಮ್ ಹಾಸಿಗೆ ಹೊತ್ತಿಕೊಂಡಿತ್ತು. ನಿಜವಾದ ಬೆಂಕಿ ಹಚ್ಚಿ ನಡೆಸುವ ತರಬೇತಿಗೆಂದೇ ಅಲ್ಲಿರುವ ಎನ್‌ಎಫ್‌ಪಿಎ 1403 ಮಾನದಂಡ ಮನುಷ್ಯರನ್ನು ಹೀಗೆ ಮಲಗಿಸುವುದನ್ನು ನಿಷೇಧಿಸುತ್ತದೆ. ಐವರು ಕಲಿಯುವವರಿಗೆ ಒಬ್ಬ ಬೋಧಕನಾದರೂ ಇರಬೇಕು ಎನ್ನುತ್ತದೆ. ಮಲಗಿಸಲು ಮರಳು ತುಂಬಿದ ಗೊಂಬೆ ಸಾಕು.

ನಮ್ಮ ಸೀಮೆಯ ಬಿಸಿಲಿನ ಲೆಕ್ಕ ಬೇರೆ. ಹೊರಗೇ 40 ಡಿಗ್ರಿ ಇರುವಾಗ ದಪ್ಪ ಕೋಟು, ಬೆನ್ನಿಗೆ ಬಿ.ಎ. ಸೆಟ್ (ಉಸಿರಾಟದ ಗಾಳಿಯ ಸಿಲಿಂಡರ್) ಹೊತ್ತವನನ್ನು ಬೆಂಕಿಗಿಂತ ಮೊದಲು ಸೆಕೆಯೇ ಬೀಳಿಸುತ್ತದೆ. ಅಭ್ಯಾಸ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ಹೊರಬಂದವರ ಕೋಟು ಬಿಚ್ಚಿಸಿ, ನೀರು ಕುಡಿಸಿ, ನಾಡಿ ನೋಡುವುದು ಸಹಾಯಕನ ಕೆಲಸ. "ನನಗೇನೂ ಆಗಿಲ್ಲ ಸರ್" ಎಂದವನ ನಾಡಿಯನ್ನು ಎರಡು ಸಲ ನೋಡಬೇಕು.

ಇಷ್ಟೆಲ್ಲ ಕಲಿಸಿದರೂ ಒಂದು ತೊಡಕು ಉಳಿಯುತ್ತದೆ. ಸಮವಸ್ತ್ರದ ನೌಕರಿಯಲ್ಲಿ ಮೇಲಧಿಕಾರಿಯ ಎದುರು "ನಿಲ್ಲಿಸಿ" ಎನ್ನಲು ಕಿರಿಯರಿಗೆ ಬಾಯಿ ಬರುವುದಿಲ್ಲ. ಹಾಗಾಗಿ ಬೆಂಕಿ ಹಚ್ಚುವ ಮೊದಲು ಠಾಣಾಧಿಕಾರಿಯ ಸಮ್ಮುಖದಲ್ಲೇ ಪ್ರತಿ ಸಹಾಯಕನಿಂದ ಒಮ್ಮೆ ಸೀಟಿ ಊದಿಸುತ್ತೇನೆ. ಸೀಟಿ ಕೇಳಿದ ಕೂಡಲೇ ನಾನೂ ಠಾಣಾಧಿಕಾರಿಯೂ ಎಲ್ಲರೊಂದಿಗೆ ಹೊರಗೆ ನಡೆಯಬೇಕು, ಯಾಕೆ ಊದಿದೆ ಎಂದು ಒಳಗೆ ನಿಂತು ಕೇಳುವಂತಿಲ್ಲ.